ನಮ್ಮದೇ ಗಣಕದಲ್ಲಿ ನಾವು ಸಾಮಾನ್ಯರು

ಭಾರತದ ಸಾರ್ವಜನಿಕರಿಗೆ ಅಂತರಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ಮುಂಬಯಿಯೂ ಸೇರಿದಂತೆ ಕೆಲವೇ ಮಹಾನಗರಗಳಲ್ಲಿ ಆ ಸೇವೆಯನ್ನು ಆರಂಭಿಸಿತು. ಒಂಬತ್ತು ದಿನ ಕಳೆದು, ಆಗಸ್ಟ್ 24ರಂದು, ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 95 ಅನ್ನು ಬಿಡುಗಡೆ ಮಾಡಿತು. ಈ ಎರಡು ಘಟನೆಗಳನ್ನು ಜೊತೆಯಾಗಿ ಇಟ್ಟು ನೋಡುವ ರೂಢಿ ನಮ್ಮಲ್ಲಿಲ್ಲ. ಆದರೆ ಮನೆಯ ಗಣಕಯಂತ್ರದ ಮುಂದೆ ನಾವು ಯಾವ ಅಧಿಕಾರದಿಂದ ಕುಳಿತುಕೊಳ್ಳುತ್ತೇವೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡರೆ ಇವೆರಡೂ ಎದುರುಬದುರಾಗಿ ನಿಲ್ಲುತ್ತವೆ.

ವಿಎಸ್‌ಎನ್‌ಎಲ್ ಅಂದು ಕೊಡುತ್ತಿದ್ದ ಅಗ್ಗದ ಸಂಪರ್ಕಕ್ಕೆ ಶೆಲ್ ಖಾತೆ ಎಂದು ಹೆಸರು. ದಾದರ್‌ನಲ್ಲಿಯೋ ಮುಲುಂಡ್‌ನಲ್ಲಿಯೋ ಕುಳಿತವನು ದೂರವಾಣಿ ತಂತಿಯ ಮೂಲಕ ನಿಗಮದ ಯೂನಿಕ್ಸ್ ಗಣಕದೊಳಗೆ ಪ್ರವೇಶಿಸುತ್ತಿದ್ದ. ಹೆಸರು, ಗುಪ್ತಪದ ಕೊಟ್ಟ ಮೇಲೆ ಅವನಿಗೆ ದೊರೆಯುತ್ತಿದ್ದುದು ಬರಿಯ ಅಕ್ಷರಗಳ ಪರದೆ, ಪತ್ರ ಬರೆಯಲು ಪೈನ್, ಜಾಲತಾಣ ಓದಲು ಲಿಂಕ್ಸ್. ತನ್ನ ಕಡತಗಳನ್ನು ಅವನು ಬರೆಯಬಹುದಿತ್ತು, ಅಳಿಸಬಹುದಿತ್ತು. ನೆರೆಯವನ ಅಂಚೆಯನ್ನಾಗಲಿ ವ್ಯವಸ್ಥೆಯ ಕಡತಗಳನ್ನಾಗಲಿ ಮುಟ್ಟುವಂತಿರಲಿಲ್ಲ. ಸಾವಿರಾರು ಮಂದಿ ಹಂಚಿಕೊಂಡ ಯಂತ್ರದಲ್ಲಿ ಅವನೊಬ್ಬ ಸಾಮಾನ್ಯ ಬಳಕೆದಾರ. ಸರ್ವಾಧಿಕಾರವುಳ್ಳ ಖಾತೆ ಬೇರೆಯೇ ಇತ್ತು. ಅದರ ಹೆಸರು ರೂಟ್, ಅಂದರೆ ಬೇರು. ಬೇರನ್ನು ಯಾರ ಕೈಗೂ ಕೊಡುವುದಿಲ್ಲ ಎಂಬುದು ಯೂನಿಕ್ಸ್ ಲೋಕದ ಮೊದಲ ಶಿಷ್ಟಾಚಾರ.

ಅದೇ ಮನುಷ್ಯ ಸಂಪರ್ಕ ಕಡಿದು, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗ ಜೋಡಿಸಿ ತಂದ ತನ್ನ ಯಂತ್ರಕ್ಕೆ ಮರಳಿದಾಗ ಚಕ್ರವರ್ತಿಯಾಗುತ್ತಿದ್ದ. ವಿಂಡೋಸ್ 95ರಲ್ಲಿ ಹೆಸರು, ಗುಪ್ತಪದ ಕೇಳುವ ಪೆಟ್ಟಿಗೆಯೇನೋ ಇತ್ತು. ಎಸ್ಕೇಪ್ ಕೀಲಿಯನ್ನು ಒತ್ತಿದರೆ ಅದು ಸರಿದು ದಾರಿ ಬಿಡುತ್ತಿತ್ತು. ಒಳಗೆ ಬಂದವರೆಲ್ಲ ಸಮಾನರು, ಎಲ್ಲರೂ ಸರ್ವಾಧಿಕಾರಿಗಳು: ತಂದೆ, ಮಗಳು, ಮಗಳ ಗೆಳತಿ, ಮತ್ತು ಗೆಳತಿ ತಂದ ಫ್ಲಾಪಿಯೊಳಗಿನ ವೈರಸ್.

ಈ ಸರ್ವಾಧಿಕಾರ ಗಣಕದ ಹುಟ್ಟುಗುಣವಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ಮುಂದಾಳುತನದಲ್ಲಿ ರೂಪುಗೊಂಡು 1960ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರ್ಯಾಕ್, ಅದರ ಬಳಿಕ 1964ರಲ್ಲಿ ಬಂದ ಸಿಡಿಸಿ 3600, ಇವು ಇಡೀ ಸಂಸ್ಥೆಗೆ, ಹೊರಗಿನ ವಿಜ್ಞಾನಿಗಳಿಗೆ ದುಡಿಯುತ್ತಿದ್ದ ಯಂತ್ರಗಳು. ಅಂಥ ಯಂತ್ರ ಒಬ್ಬನ ಸೊತ್ತಾಗುವುದು ಸಾಧ್ಯವೇ ಇರಲಿಲ್ಲ. ಅಮೆರಿಕದ ಎಂಐಟಿಯಲ್ಲಿ 1961ರಿಂದ ಹಲವರು ಏಕಕಾಲದಲ್ಲಿ ಒಂದೇ ಗಣಕವನ್ನು ಬಳಸುವ ವ್ಯವಸ್ಥೆ ಬೆಳೆದಾಗ ಗುಪ್ತಪದ ಬಂತು, ಖಾತೆಗಳು ಬಂದವು, ಯಾರಿಗೆ ಎಷ್ಟು ಅಧಿಕಾರ ಎಂಬ ಲೆಕ್ಕ ಬಂತು. ಅದೇ ಪರಂಪರೆಯ ಜೆರೋಮ್ ಸಾಲ್ಟ್ಜರ್ ಮತ್ತು ಮೈಕಲ್ ಶ್ರೋಡರ್ 1975ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಆ ಲೆಕ್ಕಕ್ಕೆ ಸೂತ್ರರೂಪ ಕೊಟ್ಟಿತು: ಪ್ರತಿಯೊಬ್ಬ ಬಳಕೆದಾರನೂ ಪ್ರತಿಯೊಂದು ಕ್ರಮವಿಧಿಯೂ ತನ್ನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದಿಂದ ನಡೆಯಬೇಕು, ಹೆಚ್ಚಿಗೆಯಲ್ಲ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಅವರು ಬಳಸಿದ ಪದ ಪ್ರಿವಿಲೇಜ್. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಒಬ್ಬ ವ್ಯಕ್ತಿಗೆಂದೇ ಮಾಡಿದ ಕಾನೂನು ಎಂದು. ನಮ್ಮ ಮನೆಗಳಲ್ಲಿ ಆ ಖಾಸಗಿ ಕಾನೂನನ್ನು ಎಲ್ಲರಿಗೂ ಹಂಚಿಬಿಟ್ಟೆವು.

ಮುಂಬಯಿ ಕನ್ನಡಿಗರ ಮಟ್ಟಿಗೆ ಇದಕ್ಕೊಂದು ಸಕಾರಣವೂ ಇತ್ತೆಂಬುದನ್ನು ಮರೆಯಲಾಗದು. ಕನ್ನಡದಲ್ಲಿ ಬೆರಳಚ್ಚು ಮಾಡಬೇಕಾದರೆ ಅಕ್ಷರಮಾದರಿಗಳನ್ನು, ಅಂದರೆ ಫಾಂಟ್‌ಗಳನ್ನು, ವಿಂಡೋಸಿನ ಒಡಲೊಳಗೆ ಇಳಿಸಬೇಕಿತ್ತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' 1998ರಲ್ಲಿ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ 'ನುಡಿ', ಮುದ್ರಣಾಲಯಗಳಲ್ಲಿ 'ಶ್ರೀಲಿಪಿ'. ಒಂದರ ಸಂಕೇತ ಇನ್ನೊಂದಕ್ಕೆ ತಿಳಿಯದು. ಡೊಂಬಿವಿಲಿಯಲ್ಲಿ ಬರೆದ ಲೇಖನ ಮಾಟುಂಗಾದಲ್ಲಿ ತೆರೆಯಬೇಕಾದರೆ ಅಲ್ಲಿಯೂ ಅದೇ ಅಕ್ಷರಮಾದರಿ ಇರಲೇಬೇಕು. 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಯೂನಿಕೋಡ್ ಅಕ್ಷರಮಾದರಿಯನ್ನು ತನ್ನೊಡನೆ ತಂದಿತಾದರೂ ಸಂಕೀರ್ಣ ಲಿಪಿಗಳ ಬೆಂಬಲವನ್ನು ಪ್ರತ್ಯೇಕವಾಗಿ, ಮೂಲ ತಟ್ಟೆಯನ್ನು ಹಾಕಿ ಅಳವಡಿಸಿಕೊಳ್ಳಬೇಕಿತ್ತು. ಈ ಎಲ್ಲ ಕೆಲಸಕ್ಕೂ ಆಡಳಿತ ಖಾತೆಯೇ ಬೇಕು. ಕಚೇರಿಯ ಗಣಕದಲ್ಲಿ ಆ ಅಧಿಕಾರವಿಲ್ಲದ ಕನ್ನಡಿಗನಿಗೆ ತನ್ನ ಭಾಷೆ ಚೌಕಾಕಾರದ ಡಬ್ಬಿಗಳ ಸಾಲಾಗಿ ಕಾಣುತ್ತಿತ್ತು. ಪರಭಾಷೆಯ ನಗರದಲ್ಲಿ ಸ್ವಭಾಷೆಯನ್ನು ಓದಲು ಸರ್ವಾಧಿಕಾರ ಬೇಕಾದ ಕಾಲವದು. ಮನೆಯಲ್ಲಿ ಅದನ್ನು ಬಿಟ್ಟುಕೊಡದೆ ಹೋದವರನ್ನು ದೂರುವುದು ನ್ಯಾಯವಲ್ಲ.

ಎಕ್ಸ್‌ಪಿಯಲ್ಲಿ ಸಾಮಾನ್ಯ ಖಾತೆಯ ಸೌಲಭ್ಯ ಇತ್ತು. ಕಚೇರಿಗಳಿಗೆಂದು 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯ ವಂಶ ಅದರದು. ಆದರೆ ಸ್ಥಾಪನೆಯ ಹೊತ್ತಿನಲ್ಲಿ ಸೃಷ್ಟಿಯಾಗುವ ಖಾತೆಗಳೆಲ್ಲ ಆಡಳಿತ ಖಾತೆಗಳೇ ಆಗುತ್ತಿದ್ದವು. ತಂತ್ರಾಂಶ ಬರೆಯುವವರೂ ಹಾಗೆಯೇ ಇರುತ್ತದೆಂದು ನಂಬಿ ಬರೆದರು. ಸಾಮಾನ್ಯ ಖಾತೆಯಲ್ಲಿ ಅವು ಕೈಕೊಟ್ಟವು. ಅದಕ್ಕಾಗಿ ಜನ ಮತ್ತೆ ಆಡಳಿತ ಖಾತೆಗೆ ಹೋದರು. 2007ರ ವಿಸ್ತಾ ಈ ವಿಷವೃತ್ತವನ್ನು ಮುರಿಯಹೊರಟು ಹೆಜ್ಜೆಹೆಜ್ಜೆಗೂ ಅನುಮತಿ ಕೇಳಿ ಎಲ್ಲರ ಬೈಗುಳ ತಿಂದಿತು. ಆ ಕಿರಿಕಿರಿಯಿಂದಲೇ ತಂತ್ರಾಂಶಕಾರರು ತಮ್ಮ ಅಭ್ಯಾಸ ತಿದ್ದಿಕೊಂಡರೆಂಬುದು ನಮ್ಮ ಅಭಿಪ್ರಾಯ. ಬೈಸಿಕೊಂಡು ಒಳ್ಳೆಯದು ಮಾಡಿದವರ ಪಟ್ಟಿಯಲ್ಲಿ ವಿಸ್ತಾಕ್ಕೂ ಒಂದು ಸ್ಥಾನ ಸಲ್ಲಬೇಕು.

ಆಡಳಿತಾಧಿಕಾರ ಅಳತೆ ಮೀರಿದರೆ ಏನಾಗುತ್ತದೆಂಬುದನ್ನು ಮುಂಬಯಿ ತನ್ನ ಕೊಲ್ಲಿಯ ಆಚೆದಡದಲ್ಲೇ ಕಂಡಿದೆ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಪರಿಷ್ಕರಣೆಯೊಳಗೆ ಅವಿತು ಹೊರಟು, ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಸಂಸ್ಥೆಯ ಜಾಲವನ್ನು ಹೊಕ್ಕು, ನ್ಹಾವಾ ಶೇವಾದ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್‌ನ ಕೆಲಸವನ್ನು ನಿಲ್ಲಿಸಿತು. ಅದು ಹರಡಿದ ಬಗೆ ಗಮನಾರ್ಹ. ಪರಿಷ್ಕರಣೆ ಪಡೆಯದ ಗಣಕಗಳಿಗೆ ಅದು ಒಂದು ಲೋಪದ ಮೂಲಕ ನುಗ್ಗುತ್ತಿತ್ತು. ಪರಿಷ್ಕರಣೆ ಪಡೆದವುಗಳಿಗೆ ಬೇರೆ ದಾರಿ: ತಾನು ಹೊಕ್ಕ ಗಣಕದ ನೆನಪಿನಿಂದ ಆಡಳಿತಗಾರರ ಗುಪ್ತಪದಗಳನ್ನು ಕದ್ದು, ಅದೇ ಕೀಲಿಯಿಂದ ಪಕ್ಕದ ಗಣಕವನ್ನು ತೆರೆಯುವುದು. ಸಾಮಾನ್ಯ ಖಾತೆಯಲ್ಲಿ ಓಡಿದರೆ ಆ ಕಳ್ಳತನವಾಗಲಿ ಡಿಸ್ಕಿನ ಆರಂಭಭಾಗವನ್ನು ಕೆಡಿಸುವುದಾಗಲಿ ಅದಕ್ಕೆ ಸಾಧ್ಯವಿರಲಿಲ್ಲ. ಆ ಬಳಕೆದಾರನ ಕಡತಗಳನ್ನು ಮಾತ್ರ ಹಾಳುಗೆಡವುತ್ತಿತ್ತು. ಮೇರ್ಸ್ಕ್ 45,000 ಗಣಕಗಳನ್ನೂ 4,000 ಸರ್ವರ್‌ಗಳನ್ನೂ ಹೊಸದಾಗಿ ಸ್ಥಾಪಿಸಬೇಕಾಯಿತೆಂದು ಅದರ ಅಧ್ಯಕ್ಷರೇ ಮರುವರ್ಷ ದಾವೋಸ್‌ನಲ್ಲಿ ತಿಳಿಸಿದರು.

ಸರಕಾರಿ ಕಚೇರಿಗಳಿಗೆ ಈ ತತ್ತ್ವ ಹೊಸದಲ್ಲ. ಖಜಾನೆಯಲ್ಲಿ ಎರಡು ಬೀಗ, ಎರಡು ಕೀಲಿ, ಇಬ್ಬರ ವಶ. ಎಷ್ಟು ಹಿರಿಯ ಅಧಿಕಾರಿಯಾದರೂ ನಿಗದಿತ ಮೊತ್ತದ ಮೇಲೆ ಮಂಜೂರು ಮಾಡಲಾರ. ಆದರೂ ಗಣಕಕ್ಕೆ ಇದು ಬರೆಹರೂಪದಲ್ಲಿ ಅನ್ವಯವಾಗಲು ಸಮಯ ಹಿಡಿಯಿತು. 2022ರ ಜೂನ್‌ನಲ್ಲಿ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ಸರಕಾರಿ ನೌಕರರಿಗಾಗಿ ಹೊರಡಿಸಿದ ಮಾರ್ಗಸೂಚಿ, ನಿತ್ಯದ ಕೆಲಸವನ್ನು ಆಡಳಿತ ಖಾತೆಯಲ್ಲದ ಸಾಮಾನ್ಯ ಖಾತೆಯಿಂದಲೇ ಮಾಡಬೇಕೆಂದು ಹೇಳಿತು. ಹತ್ತರಿಂದ ಆರರವರೆಗೆ ಇದನ್ನು ಪಾಲಿಸಿ ಬಂದ ನಾವು ಮನೆಗೆ ಬಂದು ಬೇರನ್ನೇ ಹಿಡಿದು ಕೂರುವುದು ವಿಚಿತ್ರ.

ದುಡ್ಡು ಕೊಟ್ಟು ಕೊಂಡ ಯಂತ್ರದಲ್ಲಿ ನಾನೇಕೆ ಎರಡನೆಯ ದರ್ಜೆಯವನಾಗಲಿ ಎಂದು ಕೇಳುವವರಿದ್ದಾರೆ. ಮುಂಬಯಿಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟವಲ್ಲ. ಫ್ಲ್ಯಾಟ್ ನಮ್ಮದೇ, ಗಚ್ಚಿಯ ಬೀಗದ ಕೈ ಸೊಸೈಟಿಯದು, ಕಂಬವನ್ನು ಒಡೆಯುವಂತಿಲ್ಲ. ಗಣಕದ ವಿಷಯದಲ್ಲಿ ಸೊಸೈಟಿಯ ಕಾರ್ಯದರ್ಶಿಯೂ ನಾವೇ ಎಂಬುದಷ್ಟೇ ವ್ಯತ್ಯಾಸ. ಇನ್ನು, ಇದೇ ಪ್ರಶ್ನೆಯನ್ನು ಕೈಯಲ್ಲಿರುವ ಫೋನಿಗೆ ಯಾರೂ ಕೇಳುವುದಿಲ್ಲ. ಲೋಕಲ್ ರೈಲಿನಲ್ಲಿ ನಿಂತು ಆಂಡ್ರಾಯ್ಡ್ ಫೋನು ನೋಡುವ ಪ್ರಯಾಣಿಕ ಯೂನಿಕ್ಸಿನ ವಂಶದ ಯಂತ್ರವನ್ನೇ ಹಿಡಿದಿರುತ್ತಾನೆ. ಅಲ್ಲಿ ಒಂದೊಂದು ಆ್ಯಪ್‌ಗೂ ಪ್ರತ್ಯೇಕ ಬಳಕೆದಾರ ಸಂಖ್ಯೆ, ಬೇರಿನ ಅಧಿಕಾರ ಮಾಲೀಕನಿಗೂ ಇಲ್ಲ. ವಿಎಸ್‌ಎನ್‌ಎಲ್‌ನ ಶೆಲ್ ಖಾತೆಯ ಸ್ಥಿತಿಗೆ ನಾವು ಗೊತ್ತಿಲ್ಲದೆಯೇ ಹಿಂತಿರುಗಿದ್ದೇವೆ.

ವಿಂಡೋಸಿನಲ್ಲಿ ಇಂದಿಗೂ ಮೊದಲ ಖಾತೆ ಆಡಳಿತ ಖಾತೆಯೇ ಆಗಿರುತ್ತದೆ. ಬದಲಾಯಿಸುವಾಗ ಕ್ರಮ ಮುಖ್ಯ: ಮೊದಲು ಇನ್ನೊಂದು ಆಡಳಿತ ಖಾತೆಯನ್ನು ಗುಪ್ತಪದದೊಡನೆ ತೆರೆದು, ಅದರಿಂದ ಒಮ್ಮೆ ಒಳಹೋಗಿ ಪರೀಕ್ಷಿಸಿ, ಆಮೇಲೆ ಅಲ್ಲಿಂದಲೇ ನಮ್ಮ ನಿತ್ಯದ ಖಾತೆಯನ್ನು ಸಾಮಾನ್ಯಕ್ಕೆ ಇಳಿಸಬೇಕು. ಕಡತ, ಚಿತ್ರಗಳೆಲ್ಲ ಇದ್ದಲ್ಲೇ ಇರುತ್ತವೆ. ಮನೆಮಂದಿಗೆ ಒಂದೊಂದು ಸಾಮಾನ್ಯ ಖಾತೆ ಕೊಟ್ಟರೆ ಒಬ್ಬರ ಖಾತೆಗೆ ತಗಲಿದ ರೋಗ ಇನ್ನೊಬ್ಬರ ಕಡತಗಳಿಗೆ ಸುಲಭವಾಗಿ ದಾಟದು. ಆದರೆ ಯಾರ ಖಾತೆಗೆ ತಗಲಿತೋ ಅವರ ಸ್ವಂತ ಕಡತಗಳಿಗೆ ಇದರಿಂದ ರಕ್ಷೆಯಿಲ್ಲ. ಅಜ್ಜಿಯ ಪತ್ರಗಳ ಸ್ಕ್ಯಾನ್, ಮದುವೆಯ ಚಿತ್ರ, ಅಚ್ಚಾಗದ ಹಸ್ತಪ್ರತಿ, ಇವುಗಳ ಪ್ರತಿ ಗಣಕದಿಂದ ಹೊರಗೆ ಇರಲೇಬೇಕು. ಫೋನಿನಲ್ಲಿ ಓಟಿಪಿ ಕೇಳುವ ವಂಚಕನ ಎದುರು ಯಾವ ಖಾತೆಯೂ ನಿಲ್ಲದು.

ಕನ್ನಡಿಗರ ಹಳೆಯ ಕಾರಣವಂತೂ ಈಗ ಉಳಿದಿಲ್ಲ. ಯೂನಿಕೋಡ್ ಕನ್ನಡ ಈಗ ವಿಂಡೋಸಿನೊಡನೆಯೇ ಬರುತ್ತದೆ. 2018ರ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಸಾಮಾನ್ಯ ಬಳಕೆದಾರನೂ ತನಗೆ ಬೇಕಾದ ಅಕ್ಷರಮಾದರಿಯನ್ನು ತನ್ನ ಮಟ್ಟಿಗೆ ಅಳವಡಿಸಿಕೊಳ್ಳಬಹುದು. ಮನೆಯ ಎಲ್ಲ ಖಾತೆಗಳಿಗೂ ಅದು ಬೇಕೆಂದರೆ ಮಾತ್ರ ವಿಂಡೋಸ್ ಆಡಳಿತ ಖಾತೆಯ ಗುಪ್ತಪದವನ್ನು ಕೇಳುತ್ತದೆ.