ಒಂದೇ ದರ್ಜೆಯ ವಿಮಾನದಲ್ಲಿ ಫಸ್ಟ್ ಕ್ಲಾಸ್: ಒಂದು ತಪ್ಪು ಓದಿನ ಪರಿಶೀಲನೆ

ಭಾರತೀಯ ಕಂಪನಿಯೊಂದು ಖಂಡ ದಾಟಿ ನಡೆಸಿದ ಮೊದಲ ವಿಮಾನಯಾನದಲ್ಲಿ ಫಸ್ಟ್ ಕ್ಲಾಸ್ ಇರಲಿಲ್ಲ. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಹೊರಟು ಕೈರೊ, ಜಿನೀವಾ ಹಾದು ಲಂಡನ್ ಸೇರಿತು. ಅದು ನಾಲ್ಕು ಎಂಜಿನ್ನಿನ ಲಾಕ್‌ಹೀಡ್ ಕಾನ್‌ಸ್ಟಲೇಶನ್. ಒಳಗಿದ್ದ 35 ಪ್ರಯಾಣಿಕರೆಲ್ಲರೂ ಒಂದೇ ದರ್ಜೆಯವರು. ಹೀಗಿದ್ದೂ ಈ ಹಾರಾಟವನ್ನು ಭಾರತೀಯರ ಫಸ್ಟ್ ಕ್ಲಾಸ್ ಪ್ರಯಾಣದ ಆರಂಭವೆಂದು ಬಣ್ಣಿಸುವ ವಾಡಿಕೆ ಬೆಳೆದುಬಂದಿದೆ. ಇದನ್ನು ಮೊದಲು ಬರೆದವರು ಯಾರು ಎಂಬುದು ಅಷ್ಟು ಮುಖ್ಯವಲ್ಲ. ಪರೀಕ್ಷಿಸದೆ ನಕಲು ಮಾಡಿಕೊಂಡವರು ಎಷ್ಟು ಮಂದಿ ಎಂಬುದು ಮುಖ್ಯ.

ಈ ಓದಿಗೆ ಕೊಡುವ ಆಧಾರಗಳು ಎರಡೇ. ಒಂದು ಪ್ರಯಾಣಿಕರ ಪಟ್ಟಿ, ಇನ್ನೊಂದು ಟಿಕೆಟ್ಟಿನ ದರ. ಪಟ್ಟಿಯಲ್ಲಿ ರಾಜರು, ನವಾಬರು, ಜಾಮ್‌ನಗರದ ರಾಜಮನೆತನದವರು ಇದ್ದರು. ದರ 1720 ರೂಪಾಯಿ. ಆ ವರ್ಷದ ಪತ್ರಿಕಾ ಜಾಹೀರಾತಿನಲ್ಲಿ, ಏರ್ ಇಂಡಿಯಾದ ಬಾಬಿ ಕೂಕಾ 1946ರಲ್ಲಿ ರೂಪಿಸಿದ ಲಾಂಛನವಾದ ‘ಮಹಾರಾಜ’ನ ಚಿತ್ರದೊಂದಿಗೆ ಅಚ್ಚಾದ ದರ ಅದು. ಅರಸರು ಕೂತಿದ್ದರು, ಹಣ ಅಪಾರವಾಗಿತ್ತು, ಬಾಗಿಲಲ್ಲಿ ಮಹಾರಾಜ ಬಗ್ಗಿ ನಮಸ್ಕರಿಸುತ್ತಿದ್ದ, ಆದ್ದರಿಂದ ಅದು ಫಸ್ಟ್ ಕ್ಲಾಸ್ ಎಂಬುದು ವಾದದ ಸರಣಿ. ಇದರ ಪ್ರತಿ ಕೊಂಡಿಯೂ ಸಡಿಲವಾಗಿದೆ.

ಪಟ್ಟಿಯನ್ನೇ ಮೊದಲು ನೋಡಬಹುದು. ರಾಜರ ಹೆಸರುಗಳನ್ನು ಎತ್ತಿ ಹೇಳುವವರು ಅದೇ ವಿಮಾನದಲ್ಲಿದ್ದ ಇಬ್ಬರು ಸೈಕಲ್ ಸ್ಪರ್ಧಿಗಳನ್ನು ಬಿಟ್ಟುಬಿಡುತ್ತಾರೆ. ಲಂಡನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಅವರು ರಾಜಮನೆತನದವರ ಜೊತೆಗೇ, ಅದೇ ಕ್ಯಾಬಿನ್ನಿನಲ್ಲಿ, ಅದೇ ಬಗೆಯ ಸೀಟಿನಲ್ಲಿ ಕೂತು ಹೋದರು. ಪಟ್ಟಿಯಿಂದ ತಿಳಿಯುವುದು ಆ ಕಾಲದಲ್ಲಿ ಹಾರಲು ಯಾರಿಗೆ ಸಾಧ್ಯವಿತ್ತು ಎಂಬುದು ಮಾತ್ರ. ವಿಮಾನದೊಳಗೆ ಜನರನ್ನು ಹೇಗೆ ವಿಂಗಡಿಸಿದ್ದರು ಎಂಬುದಕ್ಕೆ ಅದು ಸಾಕ್ಷಿಯಾಗಲಾರದು. ಏಕೆಂದರೆ ವಿಂಗಡಣೆಯೇ ಇರಲಿಲ್ಲ.

ದರದ ವಿಷಯ ಇನ್ನಷ್ಟು ಬಿಡಿಸಿ ನೋಡಬೇಕಾದದ್ದು. 1720 ರೂಪಾಯಿ ದೊಡ್ಡ ಮೊತ್ತವೆಂಬುದರಲ್ಲಿ ಅನುಮಾನವಿಲ್ಲ. ಮಂಡ್ಯದ ಕಬ್ಬಿನ ರೈತನಾಗಲಿ ಮೈಷುಗರ್ ಕಾರ್ಖಾನೆಯ ಗುಮಾಸ್ತನಾಗಲಿ ಅದನ್ನು ಒಂದು ಟಿಕೆಟ್ಟಿಗೆ ಸುರಿಯುವಂತಿರಲಿಲ್ಲ. ಆದರೆ ದುಬಾರಿ ಎಂಬುದು ಬೇರೆ, ಮೇಲಿನ ದರ್ಜೆ ಎಂಬುದು ಬೇರೆ. ಜಾಹೀರಾತಿನಲ್ಲಿ ಇರುವುದು ಒಂದೇ ದರ. ಎರಡು ದರ್ಜೆಗಳನ್ನು ಮಾರುವ ಕಂಪನಿ ಅಗ್ಗದ ದರವನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸುವುದು ಎಲ್ಲ ಕಾಲದ ರೂಢಿ. 1720ಕ್ಕಿಂತ ಕೆಳಗಿನ ದರವೊಂದು ಇದ್ದಿದ್ದರೆ ಮಹಾರಾಜ ಅದನ್ನೇ ಕೂಗಿ ಹೇಳುತ್ತಿದ್ದ.

ತಪ್ಪು ಓದಿನ ಮೂಲ ರೈಲಿನಲ್ಲಿದೆ ಎಂದು ತೋರುತ್ತದೆ. ಬೆಂಗಳೂರು–ಮೈಸೂರು ಮಾರ್ಗದ ಮಂಡ್ಯ, ಮದ್ದೂರು ನಿಲ್ದಾಣಗಳಲ್ಲಿ ರೈಲು ಹತ್ತಿದ ತಲೆಮಾರುಗಳಿಗೆ ದರ್ಜೆ ಎಂದರೆ ಕಣ್ಣಿಗೆ ಕಾಣುವ ಬೋಗಿ. ರೈಲು ಹುಟ್ಟುವಾಗಲೇ ದರ್ಜೆಗಳನ್ನು ಹೊತ್ತು ಹುಟ್ಟಿತು. ಭಾರತದಲ್ಲಿ ಥರ್ಡ್ ಕ್ಲಾಸ್ ಹೋದದ್ದು 1974ರಲ್ಲಿ. ಹಡಗಿನಲ್ಲೂ ದರ್ಜೆಗಳು ಮೊದಲಿನಿಂದಲೇ ಇದ್ದವು. ವಿಮಾನದ ಕಥೆ ಇದಕ್ಕೆ ತಿರುವುಮುರುವಾದದ್ದು. ದೂರದ ಹಾರಾಟದಲ್ಲಿ ಮೊದಲು ಬಂದದ್ದು ಒಂದೇ ದರ್ಜೆ. ಕೆಳಗಿನ ದರ್ಜೆ ಆಮೇಲೆ ಹುಟ್ಟಿತು. ಅದು ಹುಟ್ಟಿದ ಮೇಲೆ, ಅದರಿಂದಾಗಿಯೇ, ಹಳೆಯದು ಫಸ್ಟ್ ಕ್ಲಾಸ್ ಆಯಿತು.

ಆ ಹುಟ್ಟಿನ ದಿನ ಖಚಿತವಾಗಿ ತಿಳಿದಿದೆ. 1945ರಲ್ಲಿ ಹವಾನಾದಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವಿಮಾನ ಕಂಪನಿಗಳ ಒಕ್ಕೂಟ ಐಯಾಟಾ ದರಗಳನ್ನು ಸಭೆಗಳಲ್ಲಿ ಕೂತು ನಿಗದಿ ಮಾಡುತ್ತಿತ್ತು. ಯಾವ ಕಂಪನಿಯೂ ತನಗೆ ತೋಚಿದಂತೆ ದರ ಇಳಿಸುವಂತಿರಲಿಲ್ಲ. ಹೀಗಾಗಿ ಪೈಪೋಟಿ ಊಟ, ಉಪಚಾರ, ಸೀಟಿನ ಒರಗುಗಳಲ್ಲಿ ನಡೆಯಿತು. (ಏರ್ ಇಂಡಿಯಾದ ಆರಂಭದ ವೈಭವವನ್ನೆಲ್ಲ ಅದರ ಸ್ಥಾಪಕ ಜೆ.ಆರ್.ಡಿ. ಟಾಟಾ ಅವರ ಅಭಿರುಚಿಯ ಲೆಕ್ಕಕ್ಕೆ ಬರೆಯುವವರು ಈ ನಿರ್ಬಂಧವನ್ನು ಮರೆಯುತ್ತಾರೆ. ಅಭಿರುಚಿ ಇತ್ತು, ನಿಜ. ಆದರೆ ಪೈಪೋಟಿಗೆ ಬೇರೆ ದಾರಿಯೂ ಇರಲಿಲ್ಲ.) 1952ರ ಮೇ 1ರಂದು ಅದೇ ಒಕ್ಕೂಟದ ಒಪ್ಪಿಗೆಯಿಂದ ಉತ್ತರ ಅಟ್ಲಾಂಟಿಕ್ ಮಾರ್ಗದಲ್ಲಿ ಟೂರಿಸ್ಟ್ ಕ್ಲಾಸ್ ಆರಂಭವಾಯಿತು. ನ್ಯೂಯಾರ್ಕ್–ಲಂಡನ್ ನಡುವೆ ಒಂದು ಬದಿಯ ಟೂರಿಸ್ಟ್ ದರ 270 ಡಾಲರ್. ಮಾಮೂಲು ದರ 395 ಡಾಲರ್. ಪ್ಯಾನ್ ಅಮೆರಿಕನ್ ತನ್ನ ಡಿಸಿ-6ಬಿ ವಿಮಾನದಲ್ಲಿ 82 ಸೀಟು ಹಾಕಿ ಇಡೀ ವಿಮಾನವನ್ನೇ ಟೂರಿಸ್ಟ್ ಮಾಡಿತು. ಮುಂದಿನ ವರ್ಷಗಳಲ್ಲಿ ಈ ವ್ಯವಸ್ಥೆ ಬೇರೆ ಮಾರ್ಗಗಳಿಗೆ ಹರಡಿತು, ಎರಡು ದರ್ಜೆಗಳು ಪರದೆಯೊಂದರ ಆಚೀಚೆ ಒಂದೇ ವಿಮಾನಕ್ಕೆ ಬಂದವು. 395 ಡಾಲರ್ ಕೊಟ್ಟವನಿಗೆ ಅಂದು ಹೊಸದಾಗಿ ದೊರೆತದ್ದೇನೂ ಇಲ್ಲ. ಅವನ ಹಳೆಯ ಸೀಟಿಗೆ ಹೊಸ ಹೆಸರು ಬಂತು, ಅಷ್ಟೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಒಂದು ಗಂಭೀರವಾದದ್ದು. ಹೆಚ್ಚಿನ ಹಣ ಕೊಟ್ಟು ಮಲಗುವ ಬರ್ತ್ ಪಡೆಯುವ ವ್ಯವಸ್ಥೆ 1952ಕ್ಕೂ ಮೊದಲೇ ಕೆಲವು ಕಂಪನಿಗಳಲ್ಲಿತ್ತು, ಬ್ರಿಟನ್ನಿನ ವಿಮಾನ ಕಂಪನಿ ಬಿ.ಓ.ಎ.ಸಿ.ಯ ‘ಮೊನಾರ್ಕ್’ ಸೇವೆ ಶ್ರೀಮಂತರಿಗೆಂದೇ ಇದ್ದದ್ದು. ಅಮೆರಿಕದ ಒಳಗೆ ಕ್ಯಾಪಿಟಲ್ ಏರ್‌ಲೈನ್ಸ್ 1948ರ ನವೆಂಬರಿನಲ್ಲೇ ರಾತ್ರಿಯ ಅಗ್ಗದ ಹಾರಾಟ ಆರಂಭಿಸಿತ್ತು. ಆದರೆ ಮೊದಲಿನದು ಸೌಕರ್ಯದ ಮೇಲಿನ ಹೆಚ್ಚುವರಿ ಶುಲ್ಕ, ಎರಡನೆಯದು ಒಳನಾಡಿನದು, ಅದೂ ಮಲಬಾರ್ ಪ್ರಿನ್ಸೆಸ್ ಹಾರಿ ಐದು ತಿಂಗಳಾದ ಮೇಲಿನದು. ಭಾರತದ ಮಾರ್ಗಕ್ಕೆ ಎರಡೂ ಅನ್ವಯಿಸುವುದಿಲ್ಲ.

ಇನ್ನೊಂದು ಆಕ್ಷೇಪವನ್ನು ಅರ್ಧದಷ್ಟು ಒಪ್ಪಬೇಕಾಗುತ್ತದೆ: 1948ರ ಸೇವೆ ಮುಂದೆ ಫಸ್ಟ್ ಕ್ಲಾಸ್ ಎನಿಸಿಕೊಂಡದ್ದಕ್ಕೆ ಸಮನಾಗಿತ್ತು, ಆದ್ದರಿಂದ ಹಾಗೆ ಕರೆದರೆ ತಪ್ಪೇನು ಎಂಬುದು. ಊಟ, ಉಪಚಾರದ ಮಟ್ಟಿಗೆ ಮಾತು ಸರಿ. ಆದರೆ ದರ್ಜೆ ವಸ್ತುವಿನ ಗುಣವಲ್ಲ, ಸಂಬಂಧ. ಕೆಳಗೊಂದು ಇಲ್ಲದೆ ಮೇಲೊಂದು ಇರಲಾರದು. ಈ ಅಂಶವನ್ನು ವಿಮಾನಯಾನದ ಇತಿಹಾಸಕಾರರಿಗಿಂತ ಸ್ಪಷ್ಟವಾಗಿ ಹೇಳಿರುವುದು, ಅವರಲ್ಲಿ ಹೆಚ್ಚಿನವರು ತೆರೆದು ನೋಡದ ಒಂದು ಆಕರ: ಭಾರತದ ಸೇವಾ ತೆರಿಗೆ ಕಾನೂನು.

2006ರ ಹಣಕಾಸು ಕಾಯ್ದೆ ಭಾರತದಿಂದ ಹೊರಡುವ ಅಂತರರಾಷ್ಟ್ರೀಯ ವಿಮಾನಯಾನಕ್ಕೆ ಸೇವಾ ತೆರಿಗೆ ಹಾಕಿತು. ಅದು ಆ ವರ್ಷದ ಮೇ 1ರಿಂದ ಜಾರಿಗೆ ಬಂತು. ಎಕಾನಮಿ ಕ್ಲಾಸಿಗೆ ವಿನಾಯಿತಿ, ಉಳಿದೆಲ್ಲ ದರ್ಜೆಗಳಿಗೆ ತೆರಿಗೆ. ಹಾಗಾದರೆ ಎಕಾನಮಿ ಎಂದರೆ ಏನು? ಕಾಯ್ದೆಯ ವಿವರಣೆ ಸೀಟಿನ ಅಗಲ ಹೇಳುವುದಿಲ್ಲ, ಊಟದ ಮಾತೆತ್ತುವುದಿಲ್ಲ. ಒಂದಕ್ಕಿಂತ ಹೆಚ್ಚು ದರ್ಜೆ ಇರುವಲ್ಲಿ ಅತಿ ಕಡಿಮೆ ನಿಗದಿತ ದರದ ದರ್ಜೆಯೇ ಎಕಾನಮಿ. ಒಂದೇ ದರ್ಜೆ ಇರುವಲ್ಲಿ ಆ ದರ್ಜೆಯೇ ಎಕಾನಮಿ. ಈ ಸೂತ್ರವನ್ನು 1948ರ ಜೂನ್ 8ಕ್ಕೆ ಹಿಡಿದರೆ ಬರುವ ಉತ್ತರ ವಿಚಿತ್ರ, ಆದರೆ ನೇರ: ರಾಜರೂ ನವಾಬರೂ ಎಕಾನಮಿ ಕ್ಲಾಸಿನಲ್ಲಿ ಲಂಡನ್ನಿಗೆ ಹೋದರು.

ಇದು ಕಾಲವಿರೋಧದ ವಾದವೆಂದು ಹೇಳಬಹುದು. 2006ರ ಶಾಸನವನ್ನು 58 ವರ್ಷ ಹಿಂದಕ್ಕೆ ಎಳೆದು ತೀರ್ಪು ಕೊಡುವುದು ನ್ಯಾಯವಲ್ಲ, ನಿಜ. ಎಕಾನಮಿ ಎಂಬ ದರ್ಜೆಯೇ ಐಯಾಟಾ ಕಂಪನಿಗಳಲ್ಲಿ ಆರಂಭವಾದದ್ದು 1958ರ ಏಪ್ರಿಲ್ 1ರಂದು. ಆದರೆ 1948ನ್ನು ಫಸ್ಟ್ ಕ್ಲಾಸ್ ಎನ್ನುವವರೂ ಮಾಡುತ್ತಿರುವುದು ಇದನ್ನೇ, ನಾಲ್ಕು ವರ್ಷದ ಅಳತೆಯಲ್ಲಿ. ಅವರ ಓದು ಸಲ್ಲುವುದಾದರೆ ಶಾಸನದ ಓದೂ ಸಲ್ಲಬೇಕು. ಎರಡೂ ಸಲ್ಲದಿದ್ದರೆ ಉಳಿಯುವುದು ದರ್ಜೆಯಿಲ್ಲದ ವಿಮಾನ. ತೆರಿಗೆ ಕಾನೂನಿನಿಂದ ಇಲ್ಲಿ ಬೇಕಾದದ್ದು ತೀರ್ಪಲ್ಲ, ಅಳೆಯುವ ಕ್ರಮ.

ಆ ಕ್ರಮ ಹಿಡಿದರೆ ನಂತರದ ಇತಿಹಾಸವೂ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. 1958ರ ಎಕಾನಮಿ ನಿಯಮ ಸೀಟುಗಳ ನಡುವಿನ ಅಂತರವನ್ನು 34 ಅಂಗುಲಕ್ಕೆ ಕಟ್ಟಿಹಾಕಿತು, ಊಟದ ಬದಲು ತಣ್ಣನೆಯ ಸ್ಯಾಂಡ್‌ವಿಚ್ ಮಾತ್ರ ಕೊಡಬೇಕೆಂದಿತು. ಸ್ಕ್ಯಾಂಡಿನೇವಿಯಾದ ಎಸ್.ಎ.ಎಸ್. ಕಂಪನಿ ಸ್ಯಾಂಡ್‌ವಿಚ್ಚಿನ ಹೆಸರಿನಲ್ಲಿ ಭೋಜನವನ್ನೇ ಬಡಿಸಿ 20,000 ಡಾಲರ್ ದಂಡ ತೆತ್ತಿತು. ಮೇಲಿನ ದರ್ಜೆಯನ್ನು ಕಾಪಾಡಲು ಕೆಳಗಿನದನ್ನು ನಿಯಮ ಹಾಕಿ ಕೆಳಗಿಡಬೇಕಾಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಏರ್ ಇಂಡಿಯಾದ ಮಟ್ಟಿಗೆ ನಿಜವಾದ ಫಸ್ಟ್ ಕ್ಲಾಸ್ ವೈಭವ 1971ರ ಬೋಯಿಂಗ್ 747 ‘ಎಂಪರರ್ ಅಶೋಕ’ದೊಂದಿಗೆ ತುದಿ ಮುಟ್ಟಿತು: ಕಿಟಕಿಗಳಿಗೆ ಝರೋಕಾದ ಚಿತ್ತಾರ, ಸುರುಳಿ ಮೆಟ್ಟಿಲು ಹತ್ತಿದರೆ ಮೇಲಂತಸ್ತಿನಲ್ಲಿ ಲೌಂಜ್. 1970ರ ದಶಕದ ಕೊನೆಯಲ್ಲಿ ನಡುವೆ ಬಿಸಿನೆಸ್ ಕ್ಲಾಸ್ ಬಂತು. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಪ್ರಯಾಣಿಕರಿಗೂ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ಕೊಟ್ಟ ಮೇಲೆ ಫಸ್ಟ್ ಕ್ಲಾಸಿಗೆ ತನ್ನದೆಂದು ಹೇಳಿಕೊಳ್ಳಲು ಉಳಿದದ್ದು ಕಡಿಮೆ.

ಕರ್ನಾಟಕದ ಎರಡು ಪ್ರಸಂಗಗಳು ಇದೇ ತಪ್ಪು ಓದಿಗೆ ಸಿಕ್ಕಿಬಿದ್ದಿವೆ. ಮೊದಲನೆಯದು ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್. 2008ರ ಸೆಪ್ಟೆಂಬರ್ 3ರಂದು ಅದು ಬೆಂಗಳೂರು–ಲಂಡನ್ ಹಾರಾಟ ಆರಂಭಿಸಿದಾಗ ಮುಂದಿನ ಕ್ಯಾಬಿನ್ನಿಗೆ ‘ಕಿಂಗ್‌ಫಿಷರ್ ಫಸ್ಟ್’ ಎಂದು ಹೆಸರಿಟ್ಟಿತು. ಏರ್‌ಬಸ್ ಎ330ರಲ್ಲಿ ಮಲಗುವ ಸೀಟುಗಳು, ಕೂತು ಹರಟಲು ಬಾರ್ ಇದ್ದವು. ಆದರೆ ವಿಮಾನದಲ್ಲಿದ್ದದ್ದು ಎರಡೇ ದರ್ಜೆ, ಮತ್ತು ಮುಂದಿನದು ಪೈಪೋಟಿಗೆ ನಿಂತದ್ದು ಇತರ ಕಂಪನಿಗಳ ಬಿಸಿನೆಸ್ ಕ್ಲಾಸಿನೊಂದಿಗೆ. ಹೆಸರನ್ನೇ ನಂಬಿ ಇದನ್ನು ಕರ್ನಾಟಕದ ಮೊದಲ ಫಸ್ಟ್ ಕ್ಲಾಸ್ ಎನ್ನುವುದು ಜಾಹೀರಾತನ್ನು ದಾಖಲೆಯೆಂದು ಓದಿದಂತೆ. ಮೂರು ದರ್ಜೆಯ ವಿಮಾನಗಳು ಕಿಂಗ್‌ಫಿಷರ್‌ಗಿಂತ ಮೊದಲೇ ಬೆಂಗಳೂರಿಗೆ ಬರುತ್ತಿದ್ದವು. ಲುಫ್ತಾನ್ಸಾದ ಫ್ರಾಂಕ್‌ಫರ್ಟ್ ಸೇವೆ 2001ರಷ್ಟು ಹಿಂದಿನದು.

ಎರಡನೆಯದು ಮಂಡ್ಯ ಜಿಲ್ಲೆಗೆ ಸೇರಿದ್ದು. 2009ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಮಿತವ್ಯಯದ ಕರೆ ಕೊಟ್ಟಾಗ ವಿದೇಶಾಂಗ ಸಚಿವರಾಗಿದ್ದವರು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಅವರ ಖಾತೆಯ ರಾಜ್ಯ ಸಚಿವ ಶಶಿ ತರೂರ್ ಎಕಾನಮಿಯನ್ನು ದನಗಳ ದರ್ಜೆ ಎಂಬರ್ಥದಲ್ಲಿ ಟ್ವಿಟರಿನಲ್ಲಿ ಹೇಳಿ ಗದ್ದಲ ಎಬ್ಬಿಸಿದರು. ಈ ಪ್ರಸಂಗವನ್ನು ಸಚಿವರ ಫಸ್ಟ್ ಕ್ಲಾಸ್ ಹಾರಾಟಕ್ಕೆ ಬಿದ್ದ ಕಡಿವಾಣವೆಂದು ಓದುವುದುಂಟು. ಕೃಷ್ಣ ಅವರ ಹೆಸರು ಅದರಲ್ಲಿ ಬಂದದ್ದು ಸೀಟಿನ ಕಾರಣಕ್ಕಲ್ಲ, ಪಂಚತಾರಾ ಹೋಟೆಲಿನ ವಾಸ್ತವ್ಯದ ಕಾರಣಕ್ಕೆ. ಆ ಖರ್ಚು ತಮ್ಮದೇ ಎಂದು ಅವರು ಹೇಳಿದ್ದರು. ವಿಮಾನದ ಚರ್ಚೆ ನಡೆದದ್ದು ಬಿಸಿನೆಸ್ ಮತ್ತು ಎಕಾನಮಿಯ ನಡುವೆ. ಫಸ್ಟ್ ಕ್ಲಾಸ್ ಕಾಯ್ದಿರಿಸಲೇಬಾರದೆಂದು ಸ್ಪಷ್ಟ ಮಾತಿನಲ್ಲಿ ಹೇಳುವ ಹಣಕಾಸು ಸಚಿವಾಲಯದ ಸುತ್ತೋಲೆ 2014ರ ಅಕ್ಟೋಬರಿನದು, ಅದೂ ಅಧಿಕಾರಿಗಳ ಕುರಿತದ್ದು. ಐದು ವರ್ಷದ ಅಂತರದ ಎರಡು ಸಂಗತಿಗಳನ್ನು ಒಂದೇ ಕಂತೆಗೆ ಕಟ್ಟುವುದು ಪತ್ರಿಕಾ ಬರಹಕ್ಕೆ ಕ್ಷಮ್ಯ, ಇತಿಹಾಸಕ್ಕಲ್ಲ.

ಪ್ರಯಾಣಿಕರ ಪಟ್ಟಿಯ ಮೋಹದಿಂದ ಆಗುವ ನಷ್ಟ ಇನ್ನೊಂದಿದೆ. ಮಂಡ್ಯ ಸೀಮೆಗೆ ದೂರದ ಲೋಕದೊಂದಿಗಿದ್ದ ಗಟ್ಟಿ ನಂಟು ಯಾವ ವಿಮಾನದ ಮುಂದಿನ ಸಾಲಿನಲ್ಲೂ ಕೂತಿರಲಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರೂಪುಗೊಂಡು 1996ರಲ್ಲಿ ಬಿಡುಗಡೆಯಾದ ಕೆಆರ್‌ಎಚ್-2 ಹೈಬ್ರಿಡ್ ಭತ್ತದ ಹೆಣ್ಣು ಸಾಲು ಐಆರ್ 58025ಎ. ಅದು ಫಿಲಿಪೈನ್ಸ್‌ನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯದು. ಗಂಡು ಸಾಲು ಕೆಎಂಆರ್-3 ಮಂಡ್ಯದ್ದೇ. ಅದಕ್ಕೂ ಹಿಂದೆ ರಾಗಿ ಲಕ್ಷ್ಮಣಯ್ಯನವರು ಅದೇ ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ತಂದಿದ್ದರು. ರಾಜರ ಹೆಸರು ಹುಡುಕುವ ಕಣ್ಣಿಗೆ ಈ ತಳಿಗಳ ಸಾಗಾಟ ಬೀಳುವುದಿಲ್ಲ.

ಇತ್ತೀಚಿನ ವರ್ಷಗಳ ದಾಖಲೆಯಲ್ಲಿ ಗೊಂದಲವಿಲ್ಲ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಹಾರಾಟದ ಬೋಯಿಂಗ್ 777ರಲ್ಲಿ 238 ಸೀಟುಗಳಿದ್ದವು: ಫಸ್ಟ್ 8, ಬಿಸಿನೆಸ್ 35, ಎಕಾನಮಿ 195. 2022ರ ಅಕ್ಟೋಬರಿನಿಂದ ಎಮಿರೇಟ್ಸ್‌ನ ಎ380 ಬಾಗಿಲು ಹಾಕಿಕೊಳ್ಳುವ ಕೋಣೆ, ಸ್ನಾನದ ಷವರ್ ಇರುವ ಫಸ್ಟ್ ಕ್ಲಾಸಿನೊಂದಿಗೆ ದುಬೈಯಿಂದ ಬೆಂಗಳೂರಿಗೆ ಬರತೊಡಗಿತು. ಈ ಎರಡರಲ್ಲೂ ದರ್ಜೆ ಮೂರು ಅಥವಾ ಹೆಚ್ಚು, ಆದ್ದರಿಂದ ಮೇಲಿನದನ್ನು ಫಸ್ಟ್ ಎನ್ನಲು ಅಡ್ಡಿಯಿಲ್ಲ.

ತೆರಿಗೆ ಕಾನೂನು ಮಾತ್ರ 2006ರ ವಿಂಗಡಣೆಯನ್ನು ಬಿಟ್ಟಿಲ್ಲ. ಜಿ.ಎಸ್.ಟಿ. ಅಡಿಯಲ್ಲಿ ಎಕಾನಮಿ ಟಿಕೆಟ್ಟಿಗೆ ಶೇ 5. ಉಳಿದ ಎಲ್ಲ ದರ್ಜೆಗಳಿಗೆ ಶೇ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 18 ಆಗಿದೆ. ಬಿಸಿನೆಸ್ಸಿಗೂ ಫಸ್ಟ್ ಕ್ಲಾಸಿಗೂ ಅದರಲ್ಲಿ ಒಂದೇ ಸಾಲು.