ಗುಲಾಂ ಅಹ್ಮದ್ ಯಾರ ಬೌಲರ್? ರಾಯಚೂರು ಸೀಮೆಯ ಕ್ರಿಕೆಟ್ ಚರಿತ್ರೆಗೊಂದು ತಿದ್ದುಪಡಿ

ಕರ್ನಾಟಕದ ಸ್ಪಿನ್ ಪರಂಪರೆಯನ್ನು ಮೈಸೂರು ತಂಡದಿಂದ ಆರಂಭಿಸಿ ಪ್ರಸನ್ನ, ಚಂದ್ರಶೇಖರ್ ಅವರತ್ತ ಒಯ್ಯುವುದು ವಾಡಿಕೆ. ಹಳೆಯ ಮೈಸೂರಿನ ಮಟ್ಟಿಗೆ ಅದರಲ್ಲಿ ತಕರಾರಿಲ್ಲ. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳು 1956ರ ಅಕ್ಟೋಬರ್ ಕೊನೆಯವರೆಗೆ ಹೈದರಾಬಾದ್ ರಾಜ್ಯದ ಊರುಗಳು. ಆ ರಾಜ್ಯದ ಹೆಸರಿನ ತಂಡಕ್ಕೆ ಆಡುತ್ತಿದ್ದವರು ಆಫ್ ಸ್ಪಿನ್ನರ್ ಗುಲಾಂ ಅಹ್ಮದ್ (1922–1998). 22 ಟೆಸ್ಟ್‌ಗಳಲ್ಲಿ 68 ವಿಕೆಟ್ ಪಡೆದ ಅವರು ಮೂರರಲ್ಲಿ ಭಾರತದ ನಾಯಕರಾಗಿದ್ದರು. 1952ರಲ್ಲಿ ಮದ್ರಾಸಿನಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಗೆದ್ದಾಗ ವಿನೂ ಮಂಕಡ್ ಜೊತೆ ಬೌಲ್ ಮಾಡಿದವರೂ ಇವರೇ.

ಇವರನ್ನು ಕಲ್ಯಾಣ ಕರ್ನಾಟಕದ ಕ್ರೀಡಾಚರಿತ್ರೆಯಲ್ಲಿ ಸೇರಿಸಬಹುದೇ? ಆಕ್ಷೇಪಕ್ಕೆ ಬಲವಿದೆ. ಗುಲಾಂ ಹುಟ್ಟಿದ್ದು, ಬೆಳೆದದ್ದು ಹೈದರಾಬಾದ್ ನಗರದಲ್ಲಿ. ಮಸ್ಕಿಯ ಅಶೋಕ ಶಾಸನ 1915ರಲ್ಲಿ ನಿಜಾಮರ ಆಳ್ವಿಕೆಯಲ್ಲೇ ಬೆಳಕಿಗೆ ಬಂದರೂ ನಾವದನ್ನು ಕರ್ನಾಟಕದ್ದೆಂದು ಎಣಿಸುತ್ತೇವೆ ಎಂಬ ಹೋಲಿಕೆಯೂ ಪೂರ್ತಿ ನಿಲ್ಲದು. ಕಲ್ಲು ಇದ್ದಲ್ಲೇ ಉಳಿಯಿತು, ಗಡಿ ಅದರ ಮೇಲೆ ಹಾದುಹೋಯಿತು. ಬೌಲರ್ ಗಡಿಯ ಆಚೆಯೇ ಉಳಿದರು.

ಹೆಚ್ಚು ಹೊಂದುವ ಹೋಲಿಕೆ ತುಂಗಭದ್ರಾ ಎಡದಂಡೆ ಕಾಲುವೆಯದು. ಅದು ಹೈದರಾಬಾದ್ ರಾಜ್ಯ ಕೈಗೊಂಡ ಕೆಲಸ. ಇಂದು ಅದರ ನೀರಿನಲ್ಲೇ ಸಿಂಧನೂರಿನ ಭತ್ತ ಬೆಳೆಯುತ್ತದೆ. ಕಾಲುವೆಯನ್ನು ನಮ್ಮ ಚರಿತ್ರೆಗೆ ಸೇರಿಸುವವರು ಅದೇ ರಾಜ್ಯದ ತಂಡವನ್ನು ಹೊರಗಿಡುವುದು ಸುಸಂಗತವಲ್ಲ. ಕಾಲುವೆ ಹೊಲಕ್ಕೆ ಮುಟ್ಟಿತು, ಕ್ರಿಕೆಟ್ ಹಳ್ಳಿಗೆ ಮುಟ್ಟಿತೇ ಎಂಬ ಮರುಪ್ರಶ್ನೆ ನ್ಯಾಯವಾದುದೇ. ಆದ್ದರಿಂದ ನನ್ನ ವಾದ ಇಷ್ಟಕ್ಕೇ ಸೀಮಿತ: ಗುಲಾಂ ಕನ್ನಡಿಗರಾಗಿದ್ದರೆಂದಲ್ಲ, ರಾಯಚೂರು ಅವರನ್ನು ರೂಪಿಸಿತೆಂದೂ ಅಲ್ಲ, 1956ರವರೆಗೆ ಈ ಸೀಮೆಯ ಅಧಿಕೃತ ರಾಜ್ಯ ತಂಡದ ಬೌಲರ್ ಅವರಾಗಿದ್ದರು, ಬಹುಶಃ ಅಷ್ಟೇ.

ತಾರೀಖುಗಳನ್ನು ಅಕ್ಕಪಕ್ಕ ಇಟ್ಟರೆ ಈ ಮಿತಿ ಇನ್ನೂ ಬಿಗಿಯಾಗುತ್ತದೆ. ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮರುದಿನ ಕಲ್ಕತ್ತೆಯಲ್ಲಿ ಆರಂಭವಾದ ಟೆಸ್ಟ್‌ನಲ್ಲಿ ಗುಲಾಂ ಆಸ್ಟ್ರೇಲಿಯದ ವಿರುದ್ಧ 49 ರನ್ನಿಗೆ 7 ವಿಕೆಟ್ ಕಿತ್ತರು. ಪಂದ್ಯದಲ್ಲಿ ಒಟ್ಟು 10. ರಾಜ್ಯದ ಗಡಿಯನ್ನೇ ಅಳತೆಗೋಲಾಗಿಸಿದರೆ ಅವರ ಅತ್ಯುತ್ತಮ ಟೆಸ್ಟ್ ಬೌಲಿಂಗ್ ಒಂದು ದಿನದ ಅಂತರದಲ್ಲಿ ನಮ್ಮ ಕೈತಪ್ಪುತ್ತದೆ. ಗಡಿಗೆರೆ ಆಡಳಿತಕ್ಕೆ ಸಾಕು, ಆಟದ ನೆನಪಿಗೆ ಸಾಲದು ಎನ್ನಲು ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಆ ನೆನಪು ಈ ಮೂರು ಊರುಗಳಲ್ಲಿ ಎಷ್ಟಿತ್ತೆಂಬುದನ್ನು ದಾಖಲೆಗಿಂತ ಮಾತೇ ಹೇಳಬೇಕು. ಅಂದಿನ ಸುದ್ದಿ ಕೇಳಿ ಬೆಳೆದ ಹಿರಿಯರು ಇರುವಾಗಲೇ ಸ್ಥಳೀಯ ಅಧ್ಯಾಪಕರು ಆ ಮಾತುಗಳನ್ನು ಬರೆದಿಟ್ಟುಕೊಳ್ಳಲಿ.