ಜಂಪರು ತೊಟ್ಟ ಕಾಲ

ಧಾರವಾಡ, ಗದಗ, ಬಾಗಲಕೋಟೆ ಕಡೆಯ ಎಪ್ಪತ್ತು ದಾಟಿದ ಹೆಣ್ಣುಮಕ್ಕಳು ನಾಲ್ವರು ಕೂತು ಹರೆಯದ ಮಾತು ತೆಗೆದರೆ, ಹೆಚ್ಚು ಹೊತ್ತಾಗುವ ಮೊದಲೇ ‘ಜಂಪರ್’ ಬಂದುಬಿಡುತ್ತದೆ. “ಪುಗ್ಗಾ ತೋಳಿನ ಜಂಪರ ಹೊಲಿಸಿದ್ದೆ ನೋಡ್ರಿ, ಓಣಿಯೊಳಗ ನಂದ ಮೊದಲು” ಎನ್ನುತ್ತಾರೆ ಒಬ್ಬರು. “ತೋಳು ಮೊಳಕೈ ಮಟಾ ಇರಬೇಕು ಅಂತಿದ್ರು ನಮ್ಮತ್ತಿ, ನಾ ಎರಡು ಬೆರಳು ಕಮ್ಮಿ ಮಾಡ್ಸಿದ್ದೆ” ಎಂದು ಇನ್ನೊಬ್ಬರು. ಗಂಡಸರ ನೆನಪು ಬೇರೆ ದಾರಿ ಹಿಡಿಯುತ್ತದೆ. ಟೆರಿಕಾಟ್ ಅಂಗಿ, ಬೆಲ್ ಬಾಟಮ್ ಪ್ಯಾಂಟು, ಸಫಾರಿ ಸೂಟು ಎಂದು ಹೆಸರು ಹೇಳಿ, ಯಾವ ಸಿನಿಮಾ ನೋಡಿ ಹೊಲಿಸಿದೆವೆಂದು ಹೇಳಿ ಮುಗಿಸುತ್ತಾರೆ. ಹೆಂಗಸರಿಗೆ ಮಾತ್ರ ತೋಳಿನ ಉದ್ದ, ಕೊರಳಿನ ಆಳ, ಬೈದವರು ಯಾರು, ಬೈಸಿಕೊಂಡೂ ತೊಟ್ಟದ್ದು ಹೇಗೆ, ಎಲ್ಲವೂ ನೆನಪಿರುತ್ತದೆ.

ಈಗಿನ ಹುಡುಗಿಯರ ಕಿವಿಗೆ ‘ಜಂಪರ್’ ಹಳ್ಳಿ ಅಜ್ಜಿಯ ಮಾತು. ಅವರು ‘ಬ್ಲೌಸ್’ ಎನ್ನುತ್ತಾರೆ. ಆದರೆ ಆ ಅಜ್ಜಿಯ ತಾಯಿಯ ಕಿವಿಗೆ ಅದೇ ಶಬ್ದ ಶಾಲೆ ಕಲಿತವರ ಮಾತಾಗಿತ್ತು, ಪೇಟೆಯ ಮಾತಾಗಿತ್ತು. ಅದು ಬಂದದ್ದು ಇಂಗ್ಲಿಷಿನಿಂದ. ಅಲ್ಲಿ ಮೊದಲು ಹಡಗಿನ ಆಳುಗಳ ಸಡಿಲ ಮೇಲಂಗಿಗೆ ಆ ಹೆಸರಿತ್ತು, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಹೆಂಗಸರ ಮೇಲುಡುಪಿಗೂ ಅದೇ ಹೆಸರಾಯಿತು. ಇಂದು ಬ್ರಿಟನ್ನಿನಲ್ಲಿ ಜಂಪರ್ ಅಂದರೆ ಉಣ್ಣೆಯ ಸ್ವೆಟರು, ಅಮೆರಿಕದಲ್ಲಿ ತೋಳಿಲ್ಲದ ಉದ್ದ ಫ್ರಾಕು. ಸೀರೆಯ ಜೊತೆ ತೊಡುವ ಕುಪ್ಪಸ ಎಂಬ ಅರ್ಥವನ್ನು ಅದು ಪಡೆದದ್ದು ನಮ್ಮ ಕಡೆ ಬಂದಮೇಲೆ.

ಅದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಇಂಗ್ಲಿಷಿನ ಹಳೆಯ ‘ಜಂಪ್’, ಅಂದರೆ ಗಿಡ್ಡ ಕೋಟು, ಬಹುಶಃ ಫ್ರೆಂಚಿನ ‘ಜೂಪ್’ನಿಂದ ಬಂದದ್ದು, ಜೂಪ್ ಬಂದದ್ದು ಅರಬ್ಬಿಯ ‘ಜುಬ್ಬ’ದಿಂದ ಎಂದು ನಿಘಂಟುಕಾರರು ಹೇಳುತ್ತಾರೆ. ನಮ್ಮ ಜುಬ್ಬಾ ಕೂಡ ಅದೇ ಅರಬ್ಬಿ ಶಬ್ದ. ಗಂಡ ತೊಟ್ಟ ಜುಬ್ಬಾ ಬೇರೊಂದು ದಾರಿಯಲ್ಲಿ ಬಂತು, ಹೆಂಡತಿ ತೊಟ್ಟ ಜಂಪರು ಯುರೋಪು ಸುತ್ತಿ ಸಮುದ್ರದ ದಾರಿಯಲ್ಲಿ ಬಂತು. ಎರಡೂ ಒಂದೇ ಮನೆಯ ಗೂಟಕ್ಕೆ ತೂಗುಬಿದ್ದಾಗ ತಮ್ಮ ನೆಂಟಸ್ತಿಕೆ ಯಾರಿಗೂ ಹೇಳಲಿಲ್ಲ. ಶಬ್ದಗಳ ಬಗ್ಗೆ ನನಗಿರುವ ಪ್ರೀತಿಗೆ ಇಂಥವೇ ಕಾರಣ.

ಜಂಪರಿಗೆ ಮೊದಲು ಇದ್ದದ್ದು ಕುಬಸ. ಸಂಸ್ಕೃತದ ‘ಕೂರ್ಪಾಸ’ ಕನ್ನಡದಲ್ಲಿ ‘ಕುಪ್ಪಸ’ವಾಗಿ, ಬಡಗಣ ನಾಲಿಗೆಯಲ್ಲಿ ‘ಕುಬಸ’ವಾಯಿತು. ಅದು ಖಣದ್ದು. ಗುಳೇದಗುಡ್ಡದ ಮಗ್ಗಗಳಲ್ಲಿ ನೇಯ್ದ ಖಣದಲ್ಲಿ ತೇರು, ಆನೆ ಹೆಜ್ಜೆ, ಸೂಜಿಮಲ್ಲಿಗೆಯಂಥ ಚಿಕ್ಕ ಚಿಕ್ಕ ಚಿತ್ತಾರಗಳು ಮೈತುಂಬ ಇರುತ್ತವೆ, ಅಂಚು ತೋಳಿಗೆ ಬರುವಂತೆ ಹೊಲಿಯುತ್ತಾರೆ. ಗುಂಡಿ ಇಲ್ಲ, ಹುಕ್ಕು ಇಲ್ಲ. ಮುಂದಿನ ಎರಡು ತುದಿ ಸೇರಿಸಿ ಎದೆಯ ಕೆಳಗೆ ಗಂಟು. ಅವ್ವ, ಮಗಳು, ಸೊಸೆ ಎಲ್ಲರದೂ ಒಂದೇ ಮಾಟ. ಈ ಶಬ್ದಕ್ಕೆ ಬಟ್ಟೆಯನ್ನು ಮೀರಿದ ಬಾಳೂ ಇದೆ. ದಕ್ಷಿಣದವರು ಸೀಮಂತ ಎನ್ನುವುದನ್ನು ಉತ್ತರ ಕರ್ನಾಟಕದಲ್ಲಿ ‘ಕುಬಸ’ ಎಂದೇ ಕರೆಯುತ್ತಾರೆ. ತವರಿನವರು ಬಸುರಿ ಮಗಳಿಗೆ ಹಸಿರು ಸೀರೆ, ಹಸಿರು ಬಳೆ, ಖಣ ತಂದು ಕೂಡಿಸಿ ಆರತಿ ಮಾಡುತ್ತಾರೆ. “ಬರೋ ತಿಂಗಳ ಕುಬಸ ಐತಿ” ಅಂದರೆ ಕೇಳಿದವರಿಗೆ ಬಟ್ಟೆ ಹೊಳೆಯುವುದಿಲ್ಲ, ಮನೆಗೆ ಬರಲಿರುವ ಮಗು ಹೊಳೆಯುತ್ತದೆ.

ಅಂಥ ಕುಬಸವನ್ನು ಬದಿಗಿಟ್ಟು ಜಂಪರು ತೊಡುವುದೆಂದರೆ ಸಣ್ಣ ಮಾತಾಗಿರಲಿಲ್ಲ. ಗಂಟು ಹೋಗಿ ಗುಂಡಿ ಬಂತು, ಮನೆಯ ಸೂಜಿಯ ಜಾಗಕ್ಕೆ ಸಿಂಪಿಗರ ಮಿಶನ್ನು ಬಂತು. ಸಿಂಪಿಗರು ಗಂಡಸರು. ಮೈ ಅಳತೆ ಕೊಡಲು ನಾಚಿಕೆ, ಮನೆಯವರ ತಕರಾರು ಬೇರೆ. ಅದಕ್ಕೇ ‘ಅಳತಿ ಜಂಪರ’ ಎಂಬ ಇನ್ನೊಂದು ಮಾತು ಹುಟ್ಟಿತು. ಸರಿಯಾಗಿ ಕೂತ ಒಂದು ಹಳೆಯ ಜಂಪರನ್ನು ಹೊಸ ಅರಿವಿಯ ಜೊತೆ ತಮ್ಮನ ಕೈಲೋ ಮಗನ ಕೈಲೋ ಕಳಿಸುವುದು, “ಇದರಂಗ, ಆದರ ಕೊರಳು ಸ್ವಲ್ಪ ಅಗಲ” ಎಂದು ಹೇಳಿಕಳಿಸುವುದು. ಆ ‘ಸ್ವಲ್ಪ’ದಲ್ಲಿ ಎಷ್ಟು ಆಸೆ ಅಡಗಿತ್ತೆಂಬುದನ್ನು ಅದನ್ನು ಹೇಳಿಕಳಿಸಿದವರೇ ಬಲ್ಲರು.

ನನಗೆ ತೋಚುವುದು ಇಷ್ಟು. ಆ ಹೆಣ್ಣುಮಕ್ಕಳಿಗೆ ಸೀರೆ ಯಾವಾಗಲೂ ಬೇರೆಯವರು ತಂದದ್ದು. ಅಪ್ಪ ದೀಪಾವಳಿಗೆ ತಂದದ್ದು, ಅತ್ತೆಮನೆಯವರು ಮದುವೆಗೆ ಇಟ್ಟದ್ದು, ಗಂಡ ಜಾತ್ರೆಯಲ್ಲಿ ಕೊಂಡದ್ದು. ಬಣ್ಣವನ್ನೂ ಅಂಚನ್ನೂ ಅವರೇ ಆರಿಸುತ್ತಿದ್ದರು. ಹೆಣ್ಣಿಗೆ ತನ್ನ ಮನಸ್ಸು ನಡೆಯುವ ಜಾಗವೆಂದರೆ ಒಂದು ಗಜಕ್ಕೂ ಕಡಿಮೆಯ ಈ ಅರಿವಿ. ತೋಳು ಎಷ್ಟು, ಬೆನ್ನು ಎಷ್ಟು, ಗುಂಡಿ ಮುಂದೋ ಹಿಂದೋ, ಅಂಚಿಗೆ ಲೇಸೋ ಪೈಪಿಂಗೋ, ಇದನ್ನೆಲ್ಲ ಅವಳೇ ನಿರ್ಧರಿಸುತ್ತಿದ್ದಳು. ಎರಡು ಬೆರಳು ತೋಳು ಕಡಿಮೆ ಮಾಡಿಸಿದ್ದನ್ನು ಐವತ್ತು ವರ್ಷದ ಮೇಲೂ ಕಣ್ಣರಳಿಸಿ ಹೇಳುವುದು ಅದಕ್ಕಾಗಿ. ಮುದುಕಿಯರ ಫ್ಯಾಶನ್ನಿನ ಮಾತನ್ನು ಹಗುರವಾಗಿ ಕೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಮುದುಕಿಯರು ತಮ್ಮ ಮೊದಲ ಸ್ವಂತ ತೀರ್ಮಾನಗಳ ಕಥೆ ಹೇಳುತ್ತಿರುತ್ತಾರೆ.

ಮೈಸೂರು ಸೀಮೆಯಲ್ಲಿ ಇದೇ ಕಥೆಗೆ ಬೇರೆ ಶಬ್ದ. ಅಲ್ಲಿನ ಹಿರಿಯರು ‘ಜಾಕೀಟು’ ಎನ್ನುತ್ತಾರೆ, ಇಲ್ಲವೇ ‘ರವಿಕೆ’. ತೆಲುಗಿನಲ್ಲಿ ಇಂದಿಗೂ ಅದು ಜಾಕೆಟ್ಟೇ. ಬೆಳಗಾವಿ, ಧಾರವಾಡ, ವಿಜಯಪುರಗಳು ಆಗ ಮುಂಬೈ ಪ್ರಾಂತದಲ್ಲಿದ್ದವು, ಹೊಸ ಬಟ್ಟೆ, ಹೊಸ ಮಾತು ಪುಣೆ-ಮುಂಬೈಯಿಂದ ಬರುತ್ತಿತ್ತು. ಮರಾಠಿಯಲ್ಲೂ ಹಳಬರಿಗೆ ‘ಝಂಪರ್’ ಗೊತ್ತು, ಹುಡುಗಿಯರ ಪರಕಾರ-ಪೋಲಕವೂ ಎರಡೂ ಭಾಷೆಗೆ ಸೇರಿದ್ದು. ಮೈಸೂರಿನ ಕಡೆಗೆ ಗಾಳಿ ಬೀಸಿದ್ದು ಮದರಾಸಿನಿಂದ. 1956ರಲ್ಲಿ ರಾಜ್ಯ ಒಂದಾಯಿತು. ಹಳೆಯ ಪ್ರಾಂತಗಳ ಗಡಿ ಮಾತ್ರ ಅಜ್ಜಿಯಂದಿರ ಮಾತಿನಲ್ಲಿ ಉಳಿದುಕೊಂಡಿತು. ಬಾಗಿನದಲ್ಲಿ ಇಡುವ ‘ರವಿಕೆ ಕಣ’ ಮತ್ತು ಉಡಿ ತುಂಬುವ ‘ಖಣ’ ಒಂದೇ ಶಬ್ದ, ಆದರೆ ಒಂದು ಕಡೆ ಅದು ಯಾವುದೇ ರವಿಕೆಯ ತುಂಡು, ಇನ್ನೊಂದು ಕಡೆ ಗುಳೇದಗುಡ್ಡದ ನೇಯ್ಗೆ.

ಕಾರವಾರವನ್ನೂ ಇಲ್ಲಿ ನೆನೆಯಬೇಕು. ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರ್ 1880ರ ದಶಕದ ಮೊದಲಲ್ಲಿ ಅಲ್ಲಿ ನ್ಯಾಯಾಧೀಶರಾಗಿದ್ದರು, ತಮ್ಮ ರವೀಂದ್ರನಾಥ ಅವರ ಮನೆಯಲ್ಲಿ ಬಂದು ಉಳಿದಿದ್ದರು. ಸತ್ಯೇಂದ್ರನಾಥರ ಹೆಂಡತಿ ಜ್ಞಾನದಾನಂದಿನಿ ದೇವಿ ಮುಂಬೈಯ ಪಾರ್ಸಿ ಹೆಂಗಸರನ್ನು ನೋಡಿ, ಸೀರೆಯ ಜೊತೆ ಕುಪ್ಪಸ, ಒಳಲಂಗ ತೊಡುವ ರೀತಿಯನ್ನು ರೂಢಿಸಿಕೊಂಡು ಬಂಗಾಳಕ್ಕೆ ಒಯ್ದವರು. ಆದರೆ ಅದೇ ಜಿಲ್ಲೆಯ ಅಂಕೋಲದ ಹಾಲಕ್ಕಿ ಸಮುದಾಯದ ಹೆಂಗಸರು ರವಿಕೆಯನ್ನೇ ತೊಡದೆ, ಕೊರಳ ತುಂಬ ಮಣಿಸರ ಹಾಕಿ, ತಮ್ಮದೇ ರೀತಿಯಲ್ಲಿ ಸೀರೆ ಕಟ್ಟಿ ಬಾಳಿದರು. ಅವರಲ್ಲೊಬ್ಬರಾದ ತುಳಸಿ ಗೌಡ 2021ರಲ್ಲಿ ರಾಷ್ಟ್ರಪತಿ ಭವನಕ್ಕೆ ಪದ್ಮಶ್ರೀ ಪಡೆಯಲು ಹೋದದ್ದು ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ. ರವಿಕೆ ತೊಟ್ಟರೆ ಮಾನ, ಇಲ್ಲದಿದ್ದರೆ ಇಲ್ಲ ಎಂಬ ಮಾತು ನಮ್ಮ ನೆಲದ ಎಲ್ಲರಿಗೂ ಸಲ್ಲುವುದಲ್ಲ.

ಆಮೇಲೆ ಸಿನಿಮಾ ಬಂತು. ‘ಶರಪಂಜರ’ 1971ರದ್ದು. ಅದರಲ್ಲಿ ನಟಿ ಕಲ್ಪನಾ ಉಟ್ಟ ಸೀರೆ, ತೊಟ್ಟ ರವಿಕೆ ನೋಡಲೆಂದೇ ಎರಡನೇ ಸಲ ಹೋದೆವೆಂದು ಹೇಳುವವರು ಈಗಲೂ ಸಿಗುತ್ತಾರೆ. ಪೇಟೆಯಲ್ಲಿ ಮ್ಯಾಚಿಂಗ್ ಸೆಂಟರುಗಳು ಎದ್ದವು, ಟು ಬೈ ಟು ರುಬಿಯಾದ ಥಾನುಗಳು ಬಣ್ಣದ ಸಾಲಾಗಿ ನಿಂತವು. ಖಣದ ಕಾಲದಲ್ಲಿ ಸೀರೆಗೂ ಕುಬಸಕ್ಕೂ ಬಣ್ಣ ಹೊಂದಬೇಕೆಂಬ ಹಟ ಯಾರಿಗೂ ಇರಲಿಲ್ಲ. ಈಗ ಸೀರೆಯ ತುಂಡು ಹಿಡಿದು ಅಂಗಡಿಯ ಬಾಗಿಲ ಬೆಳಕಿಗೆ ತಂದು ಹೊಂದಿಸಿ ನೋಡುವುದು ಒಂದು ವಿದ್ಯೆಯಾಯಿತು. ಅದರ ಜೊತೆಗೇ ‘ಬ್ಲೌಸ್’ ಬಂತು. ಜಂಪರು, ಜಾಕೀಟು, ಕುಬಸ, ರವಿಕೆ ಎಲ್ಲವನ್ನೂ ಅದೊಂದೇ ಶಬ್ದ ನುಂಗಿತು. ಬೀದರಿನಿಂದ ಚಾಮರಾಜನಗರದವರೆಗೆ ಈಗ ಒಂದೇ ಮಾತು, ಅನುಕೂಲವೂ ಹೌದು. ಆದರೆ ‘ಬ್ಲೌಸ್’ ಎಂದವಳ ಊರು ಯಾವುದು, ಅವಳ ಹರೆಯ ಯಾವ ಕಾಲದ್ದು ಎಂಬುದು ಆ ಶಬ್ದದಿಂದ ತಿಳಿಯುವುದಿಲ್ಲ. ‘ಜಂಪರ್’ ಎಂದವಳದು ತಿಳಿಯುತ್ತಿತ್ತು.

ಈ ನಡುವೆ ಖಣ ಮತ್ತೆ ಪೇಟೆಗೆ ಬಂದಿದೆ, ಸೀರೆಯ ರೂಪದಲ್ಲಿ. ಖಣದ ಸೀರೆ, ಖಣದ ಕುರ್ತಾ, ಖಣದ ಕೈಚೀಲ. ಅಂಗಡಿಯವ ‘ಖಣ ಸ್ಯಾರಿ’ ಎಂದು ಹರವಿದರೆ ಹಿರಿಯರು ಹುಬ್ಬೇರಿಸುತ್ತಾರೆ: “ಖಣಾ ಅಂದ್ರ ಕುಬಸದ ಅರಿವಿ ಅಲ್ಲೇನ? ಸೀರಿ ಹೆಂಗಾತು?” ಅವರ ಪ್ರಶ್ನೆ ಸರಿಯಾದದ್ದೇ. ಕುಬಸದಿಂದ ಬಿಡಿಸಿಕೊಂಡ ಖಣ ಈಗ ಆರು ಗಜಕ್ಕೆ ಹಬ್ಬಿದೆ, ಹಾಗೆ ಹಬ್ಬಿದ್ದರಿಂದಲೇ ಮಗ್ಗದ ಮುಂದೆ ಕೂರುವವರಿಗೆ ಒಂದಿಷ್ಟು ಕೆಲಸವೂ ಹುಟ್ಟಿದೆ. ಮೊಮ್ಮಗಳು ತಂದ ಆ ಸೀರೆಯನ್ನು ಮಡಿಲಲ್ಲಿ ಹರವಿಕೊಂಡ ಅಜ್ಜಿ ಮೊದಲು ಮಾಡುವುದು ಚಿತ್ತಾರದ ಮೇಲೆ ಬೆರಳಿಟ್ಟು ಹೆಸರು ಹೇಳುವುದು, “ಇದು ತೇರು, ಇದು ಆನಿ ಹೆಜ್ಜಿ.” ಮುಂದಿನ ಮಾತು, ಇದಕ್ಕೆ ಜಂಪರ ಎಂಥಾದ್ದು ಹೊಲಿಸ್ತಿ, ತೋಳು ಎಷ್ಟು ಇಡಿಸ್ತಿ ಎಂಬುದು.